ಕೋವಿ ಹಕ್ಕಿನ ಸಂಘ: ಒಳಗಿರಲೇ, ಹೊರಬರಲೇ?

ಪ್ರಶ್ನೆ: ನಾನು ಕೊಡಗಿನವನು. ಜೆ.ಪಿ. ನಗರ 7ನೇ ಹಂತದಲ್ಲಿ ಸಂಸಾರ. ಅಪ್ಪ ಹೋದ ಮೇಲೆ, ಕುಟುಂಬದ ಮೂಲಮನೆಯಾದ ಐನ್‌ಮನೆಯಲ್ಲಿದ್ದ ಅವರ ಒಂಟಿ ನಳಿಗೆ ಕೋವಿ ನನ್ನ ಪಾಲಿಗೆ ಬಂದಿದೆ. ಕೋವಿ ಹಕ್ಕು ಉಳಿಸಿಕೊಳ್ಳಲು ನಮ್ಮವರು ಕಟ್ಟಿಕೊಂಡಿರುವ ಸಂಘವೊಂದರಲ್ಲಿ ನಾನೂ ಸದಸ್ಯ. ಕೋವಿ ಪರವಾನಗಿಯಿಂದ ನಮಗಿರುವ ವಿನಾಯಿತಿಯ ಅವಧಿ 2029ಕ್ಕೆ ಮುಗಿಯುತ್ತದೆಂದು ಈಗಿನಿಂದಲೇ ಮನವಿ ತಯಾರಾಗುತ್ತಿದೆ. ‘ಯಾವ ಷರತ್ತನ್ನೂ ಒಪ್ಪುವುದಿಲ್ಲ’ ಎಂಬ ಸಾಲು ಅದರಲ್ಲಿದೆ. ಕೋವಿಗೆ ಬೀಗ ಹಾಕಿಡುವುದು, ಹುಡುಗರಿಗೆ ತರಬೇತಿ, ಸಮಾರಂಭಗಳಲ್ಲಿ ಕುಡಿದು ಗುಂಡು ಹಾರಿಸುವವರಿಗೆ ಸಂಘದಿಂದಲೇ ತಡೆ, ಇಷ್ಟನ್ನು ಸೇರಿಸೋಣ ಅಂದೆ. ‘ಬೆಂಗಳೂರಿನ ಫ್ಲ್ಯಾಟಿನಲ್ಲಿ ಕೂತವನಿಗೆ ತೋಟದ ಕಷ್ಟ ಏನು ಗೊತ್ತು’ ಅಂದರು. ದೊಡ್ಡಪ್ಪನ ಮಗ ಮಾತು ಬಿಟ್ಟಿದ್ದಾನೆ. ಹೆಂಡತಿ ಇಲ್ಲಿಯೇ ಹುಟ್ಟಿ ಬೆಳೆದವಳು. ಕೋವಿಯೂ ಬೇಡ, ಸಂಘವೂ ಬೇಡ ಅನ್ನುತ್ತಾಳೆ. ಸಹಿ ಹಾಕಲೇ, ರಾಜೀನಾಮೆ ಕೊಡಲೇ?

ಉತ್ತರ: ಎರಡೂ ಬೇಡ. ಸಂಘದಲ್ಲೇ ಇರಿ. ಆದರೆ ಆ ಸಾಲು ಇರುವವರೆಗೆ ಮನವಿಗೆ ಸಹಿ ಹಾಕಬೇಡಿ. ಹಾಕದಿರುವುದು ಯಾಕೆಂದು ಎಲ್ಲರಿಗೂ ತಿಳಿಯುವಂತೆ ಬರೆದುಕೊಡಿ.

ನಿಮ್ಮ ದೊಡ್ಡಪ್ಪನ ಮಗನಿಂದಲೇ ಶುರು ಮಾಡುತ್ತೇನೆ, ಏಕೆಂದರೆ ನಿಮ್ಮ ಪತ್ರದಲ್ಲಿ ಹೆಚ್ಚು ನೋವಿರುವುದು ಅಲ್ಲಿ. ಅವರು ಕೋಪಿಸಿಕೊಂಡಿರುವುದು ಬೀಗದ ಮೇಲಲ್ಲ ಅಂತ ನನಗನ್ನಿಸುತ್ತದೆ. ಊರು ಬಿಟ್ಟು ಹೋದವನು ಊರಿನವರ ಕೈ ಕಟ್ಟಲು ಬಂದ ಎಂಬ ಭಾವನೆ ಅದು. ಆ ಭಾವನೆಗೆ ಕಾರಣವಿದೆ. ತೋಟದ ಮನೆಯಿಂದ ಪಕ್ಕದ ಮನೆ ಕೂಗಿದರೂ ಕೇಳಿಸದಷ್ಟು ದೂರ. ರಾತ್ರಿ ಗದ್ದೆಗೆ ಹಂದಿ ನುಗ್ಗುತ್ತದೆ, ಕಾಫಿ ತೋಟದೊಳಗೆ ಆನೆ ನಿಂತಿರುತ್ತದೆ. ಎಷ್ಟೋ ಮನೆಗಳಲ್ಲಿ ಈಗ ಉಳಿದಿರುವುದು ವಯಸ್ಸಾದ ದಂಪತಿ ಮಾತ್ರ. ಅಂಥಲ್ಲಿ ಗೋಡೆಯ ಮೇಲೆ ಒಂದು ಕೋವಿ ಇದೆ ಎಂಬುದೇ ಒಂದು ಧೈರ್ಯ. ಕಾವೇರಿ ನೀರು ನಲ್ಲಿಯಲ್ಲಿ ಬರುವ ಜೆ.ಪಿ. ನಗರದಲ್ಲಿ ಕೂತು ನಾವು ಆ ಧೈರ್ಯವನ್ನು ಹಗುರವಾಗಿ ಕಾಣಬಾರದು.

ಇನ್ನು ಕೋವಿ ಬರೀ ಕಾವಲಿನ ಸಾಮಾನೂ ಅಲ್ಲ. ನಿಮ್ಮ ಹೆಂಡತಿಗೆ ಒಮ್ಮೆ ಕೈಲ್‌ಪೊಳ್ದ್ ಹಬ್ಬ ತೋರಿಸಿದ್ದೀರಾ? ನಾಟಿ ಮುಗಿದ ಮೇಲೆ, ಸೆಪ್ಟೆಂಬರ್ ಮೊದಲ ವಾರದಲ್ಲಿ, ಕೋವಿಯನ್ನೂ ಒಡಿಕತ್ತಿಯನ್ನೂ ಒರೆಸಿ, ಎಣ್ಣೆ ಸವರಿ, ದೇವರ ಕೋಣೆಯಲ್ಲಿ ಸಾಲಾಗಿ ನಿಲ್ಲಿಸುತ್ತಾರೆ. ಕೋವಿಯ ತುದಿಗೆ ಬೆಂಕಿಯ ನಾಲಗೆಯಂತೆ ಕೆಂಪು-ಹಳದಿ ಎಸಳಿನ ತೋಕ್ ಪೂ ಸಿಕ್ಕಿಸುತ್ತಾರೆ. ಪೂಜೆಯಾದ ಮೇಲೆ ಮನೆಯ ಹಿರಿಯರು ಅದನ್ನು ಕಿರಿಯನ ಕೈಗೆ ಕೊಡುತ್ತಾರೆ, ಕಿರಿಯ ಕಾಲು ಮುಟ್ಟಿ ತೆಗೆದುಕೊಳ್ಳುತ್ತಾನೆ. ಗಂಡು ಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು. ಊರಿಗೆ ಸುದ್ದಿ ಮುಟ್ಟುತ್ತಿದ್ದದ್ದೇ ಹಾಗೆ. ಸುಗ್ಗಿ ಹಬ್ಬವಾದ ಪುತ್ತರಿಯಲ್ಲಿ ಕದಿರು ತೆಗೆಯುವ ಹೊತ್ತಿಗೂ ಗುಂಡಿನ ಸದ್ದು ಬೇಕು. ಇದನ್ನು ಕಣ್ಣಾರೆ ನೋಡದವರಿಗೆ ‘ಕೋವಿ’ ಅಂದರೆ ಸಿನಿಮಾದ ಕೋವಿಯೇ ಕಣ್ಣ ಮುಂದೆ ಬರುವುದು. ಅವರ ಹೆದರಿಕೆ ಸುಳ್ಳಲ್ಲ, ಆದರೆ ಆ ಹೆದರಿಕೆಗೆ ನಿಮ್ಮ ಐನ್‌ಮನೆ ಗೊತ್ತಿಲ್ಲ.

ಈಗ ಮನವಿಯ ವಿಷಯ. ಸಂಘದವರು ಸಹಿ ಕೇಳುತ್ತಿರುವ ಆ ಸಾಲು ಕೋವಿ ಹಕ್ಕಿಗೇ ಕುತ್ತು ತರುವಂಥದ್ದು. ಯಾಕೆಂದು ನೋಡಿ.

1834ರಲ್ಲಿ ಕೊಡಗು ಈಸ್ಟ್ ಇಂಡಿಯಾ ಕಂಪನಿಯ ಕೈಸೇರಿತು. 1857ರ ದಂಗೆಯ ನಂತರ ದೇಶದ ಜನರಿಂದ ಆಯುಧ ಕಿತ್ತುಕೊಳ್ಳುವ ಕಾನೂನು ಬಂದಾಗ, 1861ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ ಕೊಡಗರನ್ನು ಅದರಿಂದ ಹೊರಗಿಟ್ಟರು. ಸ್ವಾತಂತ್ರ್ಯ ಬಂದ ಮೇಲೆ 1959ರ ಶಸ್ತ್ರಾಸ್ತ್ರ ಕಾಯ್ದೆ ಜಾರಿಯಾಯಿತು. ಅದರ 41ನೇ ಸೆಕ್ಷನ್ನಿನ ಕೆಳಗೆ, ಸಾರ್ವಜನಿಕ ಹಿತದ ಹೆಸರಿನಲ್ಲಿ, ಕೊಡವ ಜನಾಂಗದವರಿಗೂ ವಂಶಪಾರಂಪರ್ಯದ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಪರವಾನಗಿಯಿಂದ ವಿನಾಯಿತಿ ಮುಂದುವರಿಯಿತು. ಜಮ್ಮಾ ಹಿಡುವಳಿದಾರರಲ್ಲಿ ಕೊಡವರಲ್ಲದವರೂ ಇದ್ದಾರೆ, ಅರೆಭಾಷೆ ಗೌಡರೂ ಇದ್ದಾರೆ. ‘ನಮ್ಮ ಜನಾಂಗದ ಹಕ್ಕು’ ಎಂದಷ್ಟೇ ಬರೆಯುವ ಮನವಿಯಲ್ಲಿ ಇವರು ಬಿಟ್ಟುಹೋಗುತ್ತಾರೆ, ಅದನ್ನೂ ಸಭೆಯಲ್ಲಿ ಕೇಳಿ. 2019ರ ಅಕ್ಟೋಬರ್ 29ರಂದು ಕೇಂದ್ರ ಗೃಹ ಸಚಿವಾಲಯ ಹೊರಡಿಸಿದ ಅಧಿಸೂಚನೆ ಈ ವಿನಾಯಿತಿಯನ್ನು 2029ರ ಅಕ್ಟೋಬರ್ 31ರವರೆಗೆ ವಿಸ್ತರಿಸಿತು. 41ನೇ ಸೆಕ್ಷನ್ ವಿನಾಯಿತಿ ಕೊಡುವ ಅಧಿಕಾರವನ್ನೂ ಕೊಟ್ಟಿದೆ, ಇನ್ನೊಂದು ಅಧಿಸೂಚನೆಯಿಂದ ಅದನ್ನು ಹಿಂತೆಗೆದುಕೊಳ್ಳುವ ಅಧಿಕಾರವನ್ನೂ ಕೊಟ್ಟಿದೆ.

ಈ ವಿನಾಯಿತಿಯನ್ನು ನಿವೃತ್ತ ಸೇನಾಧಿಕಾರಿಯೊಬ್ಬರು ಹೈಕೋರ್ಟಿನಲ್ಲಿ ಪ್ರಶ್ನಿಸಿದರು. ಜಾತಿ, ಭೂಮಿ ನೋಡಿ ಕೋವಿ ಕೊಡುವುದು ಸಮಾನತೆಗೆ ವಿರುದ್ಧ ಎಂಬುದು ಅವರ ವಾದ. 2021ರ ಸೆಪ್ಟೆಂಬರಿನಲ್ಲಿ ವಿಭಾಗೀಯ ಪೀಠ ಅರ್ಜಿಯನ್ನು ತಳ್ಳಿಹಾಕಿತು. ಏನೆಂದು? ಕೊಡವರದು ಯೋಧ ಸಮುದಾಯ, ಸ್ವಾತಂತ್ರ್ಯಪೂರ್ವದಿಂದಲೂ ಇದನ್ನು ಅನುಭವಿಸಿಕೊಂಡು ಬಂದಿದ್ದಾರೆ. ವಿನಾಯಿತಿ ಅನಿರ್ದಿಷ್ಟ ಕಾಲಕ್ಕಲ್ಲ, ಹತ್ತು ವರ್ಷಕ್ಕೆ ಮಾತ್ರ. ಅದಕ್ಕೆ ಷರತ್ತುಗಳೂ ಇವೆ ಎಂದು. ಕೋರ್ಟಿನಲ್ಲಿ ನಿಮ್ಮ ಹಕ್ಕನ್ನು ಕಾಪಾಡಿದ ಕಾರಣಗಳಲ್ಲಿ ಷರತ್ತುಗಳೂ ಸೇರಿವೆ. ಅದೇ ಷರತ್ತುಗಳನ್ನು ಬೇಡ ಅನ್ನುವ ಮನವಿ, ಕೂತ ಕೊಂಬೆಯನ್ನೇ ಕಡಿಯುತ್ತಿದೆ.

ಷರತ್ತುಗಳು ಈಗಾಗಲೇ ಇವೆ ಎಂಬುದು ಸಂಘದಲ್ಲಿ ಎಷ್ಟು ಜನಕ್ಕೆ ಗೊತ್ತಿದೆಯೋ ತಿಳಿಯದು. ಬೆಂಗಳೂರಿನಲ್ಲಿರುವ ನಿಮಗೆ ನೇರವಾಗಿ ತಾಗುವ ಒಂದನ್ನು ಹೇಳುತ್ತೇನೆ. ಕೊಡಗಿನ ಹೊರಗೆ ವಾಸಿಸುವಾಗ ಅಥವಾ ಪ್ರಯಾಣ ಮಾಡುವಾಗ ವಿನಾಯಿತಿದಾರರ ಬಳಿ ಒಂದು ರೈಫಲ್ ಮತ್ತು ಅದಕ್ಕೆ 100 ಗುಂಡು, ಒಂದು ನುಣುಪು ನಳಿಗೆಯ ಕೋವಿ ಮತ್ತು ಅದಕ್ಕೆ 500 ತೋಟಾ, ಇದಕ್ಕಿಂತ ಹೆಚ್ಚು ಇರಬಾರದು. ‘ನಮಗೆ ಲೆಕ್ಕವೇ ಇಲ್ಲ’ ಎನ್ನುವವರು ಇದನ್ನು ಓದಿಕೊಳ್ಳಲಿ.

ಸಿಖ್ಖರ ಕಿರ್ಪಾಣಕ್ಕೆ ಸಂವಿಧಾನದ 25ನೇ ವಿಧಿಯ ವಿವರಣೆಯಲ್ಲಿರುವಂಥ ರಕ್ಷಣೆ ಕೋವಿಗೂ ಬೇಕೆಂದು ಕೊಡವ ನ್ಯಾಷನಲ್ ಕೌನ್ಸಿಲ್ ಬಹಳ ಕಾಲದಿಂದ ಕೇಳುತ್ತಿದೆ. ಕೇಳುವುದು ತಪ್ಪಲ್ಲ. ಆದರೆ ಅದು ಸಿಗುವ ತನಕ ಈ ಹಕ್ಕು ಹತ್ತು ಹತ್ತು ವರ್ಷಕ್ಕೊಮ್ಮೆ ದಿಲ್ಲಿಯ ಒಂದು ಸಹಿಯ ಮೇಲೆ ನಿಲ್ಲುತ್ತದೆ. ಆ ಸಹಿ ಹಾಕುವವರ ಮುಂದೆ ಏನಿಡುತ್ತೀರಿ? ‘ಇಷ್ಟು ಹಳ್ಳಿಗಳಲ್ಲಿ ತರಬೇತಿ ಕೊಟ್ಟಿದ್ದೇವೆ, ಇಷ್ಟು ಮನೆಗಳಲ್ಲಿ ಬೀಗದ ಪೆಟ್ಟಿಗೆ ಇದೆ’ ಎಂಬ ಪಟ್ಟಿಯನ್ನೋ, ‘ಒಪ್ಪುವುದಿಲ್ಲ’ ಎಂಬ ಒಂದು ಸಾಲನ್ನೋ?

ಇಲ್ಲಿ ಒಂದು ಹೋಲಿಕೆ ಮಾಡಿ ನೋಡಿ. ನಿಮ್ಮ ಮೇಲಿನ ಮಹಡಿಯಲ್ಲಿ ಕೋವಿಗೆ ಪರವಾನಗಿ ಬೇಕಾದ ಬೇರೊಬ್ಬರಿದ್ದಾರೆ ಎಂದಿಟ್ಟುಕೊಳ್ಳಿ. ಅವರು ಪೊಲೀಸ್ ಕಮಿಷನರ್ ಕಚೇರಿಗೆ ಅರ್ಜಿ ಹಾಕಬೇಕು. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಸುರಕ್ಷತಾ ತರಬೇತಿಯ ಪ್ರಮಾಣಪತ್ರ ಬೇಕು, ಕೋವಿಯನ್ನೂ ತೋಟಾವನ್ನೂ ಭದ್ರವಾಗಿ ಇಡುತ್ತೇನೆಂದು ಎಸ್-2 ನಮೂನೆಯಲ್ಲಿ ಬರೆದುಕೊಡಬೇಕು. ಪರವಾನಗಿಯೇ ಬೇಡವಾದ ವಿನಾಯಿತಿದಾರರು ಆ ದಾರಿಯಲ್ಲಿ ಹೋಗುವುದಿಲ್ಲ. ಹಿಂದೆ ಆ ಕೊರತೆ ತುಂಬುತ್ತಿದ್ದದ್ದು ಮನೆಯ ಹಿರಿಯರು. ನಳಿಗೆ ಯಾರ ಕಡೆಗೂ ತಿರುಗಿಸಬೇಡ, ಕುದುರೆಗೆ ಬೆರಳಿಡಬೇಡ, ಮನೆಯೊಳಗೆ ಬರುವ ಮೊದಲು ತೋಟಾ ತೆಗೆ ಎಂದು ಬೈದು ಕಲಿಸುತ್ತಿದ್ದರು. ಆ ಹಿರಿಯರಿಲ್ಲದ, ವರ್ಷಕ್ಕೆರಡು ಬಾರಿ ಊರಿಗೆ ಹೋಗುವ ಮಕ್ಕಳಿರುವ ಕಾಲದಲ್ಲಿ ಅದನ್ನು ಕಲಿಸುವವರು ಯಾರು? ಸಂಘ ಕಲಿಸಬೇಕು ಎಂದು ನೀವು ಹೇಳಿದ್ದು ಸಂಪ್ರದಾಯಕ್ಕೆ ವಿರುದ್ಧವೇ ಅಲ್ಲ. ಅದನ್ನು ಆ ಮಾತಿನಲ್ಲೇ ಹೇಳಿ, ‘ಅಪ್ಪ ನನಗೆ ಕಲಿಸಿದ್ದನ್ನು ಸಂಘ ನನ್ನ ಮಗನಿಗೆ ಕಲಿಸಲಿ’ ಅನ್ನಿ.

ಸಂಘ ಬಿಡಬೇಡಿ ಎನ್ನಲು ಹೊರಗಿನ ಒಂದು ಉದಾಹರಣೆ ಕೊಡುತ್ತೇನೆ. ಅಮೆರಿಕದ ನ್ಯಾಷನಲ್ ರೈಫಲ್ ಅಸೋಸಿಯೇಷನ್ 1871ರಲ್ಲಿ ಹುಟ್ಟಿದ್ದು ಸೈನಿಕರ ಗುರಿ ಸುಧಾರಿಸಲು. ದಶಕಗಳ ಕಾಲ ಅದರ ಮುಖ್ಯ ಕೆಲಸ ಗುರಿ ಅಭ್ಯಾಸ, ಸುರಕ್ಷತೆ, ಬೇಟೆ. 1977ರಲ್ಲಿ ಸಿನ್ಸಿನಾಟಿಯಲ್ಲಿ ನಡೆದ ವಾರ್ಷಿಕ ಸಭೆಯಲ್ಲಿ ಒಂದು ಗುಂಪು ರಾತ್ರಿಯಿಡೀ ಕೂತು, ನಿಯಮಾವಳಿ ತಿದ್ದಿ, ಹಳೆಯ ಮುಖಂಡರನ್ನು ಇಳಿಸಿತು. ಅಲ್ಲಿಂದ ಅದು ಯಾವ ಕಡಿವಾಣಕ್ಕೂ ಬಗ್ಗದ ರಾಜಕೀಯ ಶಕ್ತಿಯಾಯಿತು. 1991ರಿಂದ ಅದನ್ನು ನಡೆಸಿದ ವೇಯ್ನ್ ಲಪಿಯರ್ 2024ರ ಜನವರಿಯಲ್ಲಿ ರಾಜೀನಾಮೆ ಕೊಡಬೇಕಾಯಿತು. ಸಂಘದ ದುಡ್ಡನ್ನು ಖಾಸಗಿ ವಿಮಾನ, ಪ್ರವಾಸಗಳಿಗೆ ಸುರಿದದ್ದಕ್ಕೆ ನಲವತ್ತು ಲಕ್ಷ ಡಾಲರಿಗೂ ಹೆಚ್ಚು ಹಿಂತಿರುಗಿಸಬೇಕೆಂದು ನ್ಯೂಯಾರ್ಕಿನ ಜ್ಯೂರಿ ಮರುತಿಂಗಳು ತೀರ್ಪು ಕೊಟ್ಟಿತು. ಬೇಸತ್ತು ಹೊರಹೋಗುವವರು ಸಂಘದ ದಿಕ್ಕನ್ನು ನಿರ್ಧರಿಸುವುದಿಲ್ಲ, 1977ರ ಆ ಸಭೆಯಲ್ಲಿ ಬೆಳಗಿನ ಜಾವದವರೆಗೂ ಎದ್ದು ಕೂತವರು ದಿಕ್ಕು ತಿರುಗಿಸಿದರು. ನೀವೂ ಎದ್ದು ಕೂರುವವರಾಗಿ. ನಿಮ್ಮ ಸಂಘದ ಲೆಕ್ಕಪತ್ರವನ್ನೂ ಕೇಳಿ. ವಂತಿಗೆ ಕೊಟ್ಟವರಿಗೆ ಆ ಅಧಿಕಾರವಿದೆ.

ಕುಡಿದು ಗುಂಡು ಹಾರಿಸುವವರ ವಿಷಯ ಮುಗಿದುಹೋದ ಚರ್ಚೆ. ವಿನಾಯಿತಿ ಪರವಾನಗಿಯಿಂದ, ಅಜಾಗರೂಕತೆಯ ಶಿಕ್ಷೆಯಿಂದಲ್ಲ. ಶಸ್ತ್ರಾಸ್ತ್ರ ಕಾಯ್ದೆಯ 2019ರ ತಿದ್ದುಪಡಿಯ ಪ್ರಕಾರ ಸಂಭ್ರಮದಲ್ಲಿ ಜೀವಕ್ಕೆ ಅಪಾಯವಾಗುವಂತೆ ಗುಂಡು ಹಾರಿಸಿದರೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ. ಬೇಟೆಯೂ ಹಾಗೆಯೇ: ಕೋವಿಯ ಈ ವಿನಾಯಿತಿ 1972ರ ವನ್ಯಜೀವಿ ಕಾಯ್ದೆಯಿಂದ ವಿನಾಯಿತಿಯಲ್ಲ. ಹಂದಿಯೆಂದು ಹೊಡೆದ ಗುಂಡು ಜೊತೆಗಾರನಿಗೇ ತಗುಲಿದ ಸುದ್ದಿ ಮಲೆನಾಡಿನಿಂದಲೂ ಕೊಡಗಿನಿಂದಲೂ ಬರುತ್ತಲೇ ಇರುತ್ತದೆ. ಅಂಥ ಒಂದೊಂದು ಸುದ್ದಿಯೂ ಹಕ್ಕಿನ ವಿರುದ್ಧದ ಅರ್ಜಿಗೆ ಸೇರುವ ಒಂದೊಂದು ಪುಟ.

ಸಂಘಗಳಲ್ಲಿ ಯಾರೂ ಎತ್ತದ ಇನ್ನೊಂದು ವಿಷಯವಿದೆ. ಮನೆಯಲ್ಲಿ ಕೋವಿ ಸುಲಭವಾಗಿ ಕೈಗೆ ಸಿಗುವಂತಿದ್ದರೆ, ಮನಸ್ಸು ಕುಸಿದವರು ಒಂದು ಕೆಟ್ಟ ಗಳಿಗೆಯಲ್ಲಿ ಪ್ರಾಣ ಕಳೆದುಕೊಳ್ಳುವ ಅಪಾಯ ಹೆಚ್ಚು. ಆ ಗಳಿಗೆ ಹೆಚ್ಚಾಗಿ ಬೇಗ ದಾಟಿಹೋಗುತ್ತದೆ, ಕೋವಿ ಮಾತ್ರ ಎರಡನೇ ಅವಕಾಶ ಕೊಡುವುದಿಲ್ಲ. ನೀವು ಕೇಳುತ್ತಿರುವ ಬೀಗ ಕಳ್ಳನಿಗಿಂತ ಹೆಚ್ಚಾಗಿ ನಮ್ಮವರಿಗಾಗಿ ಬೇಕು. ಬೆಳೆ ಕೈಕೊಟ್ಟ ವರ್ಷ, ಸಾಲ ಏರಿದ ವರ್ಷ, ಸಂಗಾತಿ ತೀರಿಕೊಂಡ ವರ್ಷ, ಕುಡಿತ ಮಿತಿಮೀರಿದ ಮನೆ, ಇಂಥಲ್ಲಿ ಕೋವಿಯನ್ನು ಕೆಲವು ತಿಂಗಳು ಪೊಲೀಸ್ ಠಾಣೆಯಲ್ಲೋ ಅಧಿಕೃತ ಶಸ್ತ್ರಾಸ್ತ್ರ ವ್ಯಾಪಾರಿಯ ಬಳಿಯೋ ಠೇವಣಿ ಇಡುವುದನ್ನು ಸಂಘವೇ ವ್ಯವಸ್ಥೆ ಮಾಡಿದರೆ, ಅದಕ್ಕಿಂತ ದೊಡ್ಡ ಸೇವೆ ಇಲ್ಲ. ಟೆಲಿ-ಮಾನಸ್ ಸಹಾಯವಾಣಿ 14416 ಹಗಲೂ ರಾತ್ರಿಯೂ ಇದೆ, ಕನ್ನಡದಲ್ಲಿ ಮಾತಾಡಬಹುದು. ಆ ಸಂಖ್ಯೆ ನಿಮ್ಮ ಮನವಿಯ ಜೊತೆಗೆ ಪ್ರತಿ ಮನೆಗೂ ಹೋಗಲಿ.

ಮುಂದಿನ ಸಭೆಗೆ ಖುದ್ದಾಗಿ ಹೋಗಿ, ವಾಟ್ಸ್‌ಆ್ಯಪಿನಲ್ಲಿ ವಾದ ಬೇಡ. ಅದಕ್ಕೂ ಮೊದಲು ದೊಡ್ಡಪ್ಪನ ಮಗನ ತೋಟಕ್ಕೆ ಹೋಗಿ ಒಂದು ರಾತ್ರಿ ಉಳಿಯಿರಿ. ಬೀಗದ ಮಾತು ಎತ್ತುವ ಮೊದಲು ಅವರ ಕಷ್ಟ ಕೇಳಿ. ಬೀಗ ಹಾಕಿದರೆ ಹಂದಿ ಬಂದಾಗ ತೆಗೆಯುವುದು ಹೇಗೆ ಎಂದು ಅವರು ಕೇಳುತ್ತಾರೆ, ಅದು ನ್ಯಾಯವಾದ ಪ್ರಶ್ನೆ. ಗೋಡೆಗೆ ಬಿಗಿದ ಕಬ್ಬಿಣದ ಪೆಟ್ಟಿಗೆ, ಕೀಲಿ ಮನೆಯ ಇಬ್ಬರು ದೊಡ್ಡವರ ಬಳಿ, ತೋಟಾ ಬೇರೆ ಕಡೆ ಬೀಗದಲ್ಲಿ: ಇದಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆಂದು ಅವರ ಮನೆಯಲ್ಲೇ ಮಾಡಿ ನೋಡಿ. ಅವರು ಒಂದು ಬದಲಾವಣೆ ಸೂಚಿಸಿದರೆ ಅದನ್ನು ಅವರ ಹೆಸರಿನಲ್ಲೇ ಸಭೆಯ ಮುಂದಿಡಿ. ‘ಯಾವ ಷರತ್ತನ್ನೂ ಒಪ್ಪುವುದಿಲ್ಲ’ ಎಂಬ ಸಾಲಿನ ಜಾಗದಲ್ಲಿ ‘ಸುರಕ್ಷತೆಯ ಷರತ್ತುಗಳನ್ನು ನಾವೇ ರೂಪಿಸಿ ಪಾಲಿಸುತ್ತಿದ್ದೇವೆ, ವಿನಾಯಿತಿ ಮುಂದುವರಿಸಿ’ ಎಂದು ಬರೆಯಲು ಕೇಳಿ. ಒಪ್ಪಿದರೆ ಮೊದಲ ಸಹಿ ನಿಮ್ಮದಾಗಲಿ. ಒಪ್ಪದಿದ್ದರೆ ನಿಮ್ಮ ಭಿನ್ನಮತ ಸಭೆಯ ನಡಾವಳಿಯಲ್ಲಿ ದಾಖಲಾಗಲಿ, ಮುಂದಿನ ವರ್ಷ ಮತ್ತೆ ಕೇಳಿ. 2029ಕ್ಕೆ ಇನ್ನೂ ಸಮಯವಿದೆ.

ಹೆಂಡತಿಯ ಮಾತಿಗೆ ಬರುತ್ತೇನೆ. ಜೆ.ಪಿ. ನಗರದ ಮನೆಗೆ ಕೋವಿ ತರಬೇಡಿ. ಇಲ್ಲಿ ಅದಕ್ಕೆ ಕೆಲಸವಿಲ್ಲ, ಅವರಿಗೆ ನಿದ್ದೆ ಬರುವುದಿಲ್ಲ, ಈ ಎರಡು ಕಾರಣ ಸಾಕು. ಅಪ್ಪನ ಹೆಸರಿನಲ್ಲಿದ್ದ ವಿನಾಯಿತಿ ಪತ್ರದ ಮೇಲೆ ಕೋವಿಯನ್ನು ನೀವು ಒಯ್ಯಲೂಬೇಡಿ. ಮಡಿಕೇರಿಯ ಜಿಲ್ಲಾಧಿಕಾರಿ ಕಚೇರಿಗೆ ಅಪ್ಪನ ಮರಣ ಪ್ರಮಾಣಪತ್ರದೊಂದಿಗೆ ಹೋಗಿ, ನಿಮ್ಮ ಹೆಸರಿಗೆ ಪತ್ರ ಮಾಡಿಸಿಕೊಳ್ಳಿ. ಅಲ್ಲಿಯವರೆಗೆ ಕೋವಿಯನ್ನು ಎಲ್ಲಿಡಬೇಕೆಂದು ಕಚೇರಿಯವರನ್ನೇ ಕೇಳಿ, ಉತ್ತರವನ್ನು ಬರವಣಿಗೆಯಲ್ಲಿ ಪಡೆಯಿರಿ. ಬರುವ ಸೆಪ್ಟೆಂಬರಿಗೆ ಹೆಂಡತಿಯನ್ನೂ ಕರೆದುಕೊಂಡು ಐನ್‌ಮನೆಗೆ ಹೋಗಿ. ಅವರು ಬರುವುದಿಲ್ಲ ಅಂದರೆ ಒತ್ತಾಯ ಬೇಡ.