ಹಂಚಿಕೊಂಡ ಚಿತ್ರ

ಜೀವನೋಪಾಯಕ್ಕಾಗಿ ಮಾಡುವ ಕೆಲಸವೊಂದಾದರೆ, ಮನಸ್ಸಿನ ಸಂತೋಷಕ್ಕಾಗಿ ಮಾಡುವ ಕೆಲಸ ಇನ್ನೊಂದು. ಈ ಎರಡನೆಯದನ್ನು ಹವ್ಯಾಸವೆನ್ನುತ್ತೇವೆ. ಹವ್ಯಾಸಗಳಲ್ಲಿ ಛಾಯಾಗ್ರಹಣಕ್ಕೆ ವಿಶಿಷ್ಟ ಸ್ಥಾನವುಂಟು. ತಾನು ಕಾಣುವ ಸಂತೋಷದೊಡನೆ, ಕಂಡುದನ್ನು ಇತರರಿಗೆ ಕಾಣಿಸುವ ಸಂತೋಷವೂ ಅದರಲ್ಲಿ ಸೇರಿದೆ.

ಹಾಸನ ಜಿಲ್ಲೆಯ ಆಲೂರು ತಾಲ್ಲೂಕಿನ ಕುಂದೂರಿನ ಸುತ್ತಲೂ, ಅದರಾಚೆಯ ಸಕಲೇಶಪುರದ ಬೆಟ್ಟಗಳಲ್ಲೂ ಕಾಫಿ ತೋಟಗಳಿವೆ. ಬೇಸಗೆಯ ಹೂಮಳೆ ಬಿದ್ದ ಒಂಬತ್ತು ಹತ್ತು ದಿನಗಳಿಗೆ ಗಿಡಗಳೆಲ್ಲ ಬೆಳ್ಳಗೆ ಅರಳಿ ನಿಲ್ಲುತ್ತವೆ. ಎರಡು ಮೂರು ದಿನಗಳಲ್ಲಿ ಆ ಹೂಗಳು ಬಾಡಿಹೋಗುತ್ತವೆ. ಆ ಬೆಳಗನ್ನು ಯಾರಾದರೂ ಚಿತ್ರವಾಗಿ ಹಿಡಿದಿಟ್ಟು ಹಂಚಿಕೊಂಡರೆ, ಕಾಫಿ ಗಿಡವನ್ನೇ ನೋಡದ ಬಯಲುಸೀಮೆಯ ವಿದ್ಯಾರ್ಥಿಯೂ ಅದನ್ನು ಕಂಡು ಹಿಗ್ಗುತ್ತಾನೆ. ಪೆಟ್ಟಿಗೆಯಲ್ಲೇ ಉಳಿದ ಚಿತ್ರಕ್ಕೆ ಈ ಭಾಗ್ಯವಿಲ್ಲ.

ಫ್ರಾನ್ಸಿನ ಡಾಗೇರ್ ಎಂಬಾತನ ಛಾಯಾಗ್ರಹಣ ವಿಧಾನವು ಲೋಕಕ್ಕೆ ಪ್ರಕಟವಾದದ್ದು 1839ರಲ್ಲಿ. ಆಮೇಲೆ ಬಹುಕಾಲ ಇದು ದುಬಾರಿಯ ಹವ್ಯಾಸವಾಗಿಯೇ ಇತ್ತು. ಒಂದು ಸುರುಳಿ ಫಿಲ್ಮಿನಲ್ಲಿ ಹೆಚ್ಚೆಂದರೆ ಮೂವತ್ತಾರು ಚಿತ್ರಗಳು. ಅವು ಹೇಗೆ ಬಂದಿವೆಯೆಂದು ತಿಳಿಯಲು ಕತ್ತಲ ಕೋಣೆಯಲ್ಲಿ ಸಂಸ್ಕರಿಸಿ ನೋಡಬೇಕಾಗಿತ್ತು. ಆದುದರಿಂದಲೇ ಹವ್ಯಾಸಿಗಳು ಸಂಘಗಳನ್ನು ಕಟ್ಟಿಕೊಂಡರು. ಬೆಂಗಳೂರಿನಲ್ಲಿ 1971ರಲ್ಲಿ ಯೂತ್ ಫೋಟೋಗ್ರಾಫಿಕ್ ಸೊಸೈಟಿ ಸ್ಥಾಪನೆಯಾಯಿತು. ಇಂಥ ಸಂಘಗಳಲ್ಲಿ ಹವ್ಯಾಸಿಗಳು ಒಬ್ಬರ ಚಿತ್ರವನ್ನು ಇನ್ನೊಬ್ಬರು ನೋಡಿ ಗುಣದೋಷಗಳನ್ನು ವಿಮರ್ಶಿಸುತ್ತಿದ್ದರು. ದೇಶವಿದೇಶಗಳ ಪ್ರದರ್ಶನಗಳಿಗೆ ಚಿತ್ರಗಳನ್ನು ಅಂಚೆಯಲ್ಲಿ ಕಳುಹಿಸುತ್ತಿದ್ದರು. ಇತ್ತ ಸಕಲೇಶಪುರಕ್ಕೆ ನೆರೆಯ ಮೂಡಿಗೆರೆಯಲ್ಲಿ ಕಾಫಿ ಬೆಳೆಯುತ್ತಿದ್ದ ಸಾಹಿತಿ ಕೆ. ಪಿ. ಪೂರ್ಣಚಂದ್ರ ತೇಜಸ್ವಿಯವರು (1938–2007) ಕಾದು ಕುಳಿತು ಹಕ್ಕಿಗಳ ಚಿತ್ರ ತೆಗೆದರು. ಪುಸ್ತಕಗಳ ಮೂಲಕ ಅವುಗಳನ್ನು ಕನ್ನಡಿಗರಿಗೆ ಪರಿಚಯಿಸಿದರು.

ಇಂದು ಫಿಲ್ಮಿನ ಸ್ಥಾನವನ್ನು ಡಿಜಿಟಲ್ ಕ್ಯಾಮೆರಾ ಮತ್ತು ಮೊಬೈಲ್ ಫೋನ್ ಆಕ್ರಮಿಸಿವೆ. ಅಂಚೆಯ ಕೆಲಸವನ್ನು ಅಂತರಜಾಲ ಮಾಡುತ್ತಿದೆ. 2004ರಲ್ಲಿ ಆರಂಭವಾದ ಫ್ಲಿಕರ್ ಹವ್ಯಾಸಿಗಳಿಗೊಂದು ಪ್ರದರ್ಶನ ಮಂದಿರವಾಯಿತು. ಅದೇ ವರ್ಷ ಹುಟ್ಟಿದ ವಿಕಿಮೀಡಿಯ ಕಾಮನ್ಸ್ ಚಿತ್ರಗಳ ಸಾರ್ವಜನಿಕ ಭಂಡಾರವಾಯಿತು. ಅಲ್ಲಿ ಅರ್ಪಿಸಿದ ಚಿತ್ರವನ್ನು ಯಾರು ಬೇಕಾದರೂ ಪುಸ್ತಕದಲ್ಲಿ, ವಿಶ್ವಕೋಶದಲ್ಲಿ, ಪಾಠದಲ್ಲಿ ಬಳಸಬಹುದು. ತೆಗೆದವರ ಹೆಸರನ್ನು ಹೇಳಬೇಕೆಂಬುದು ಸಾಮಾನ್ಯವಾದ ನಿಬಂಧನೆ.

ಇದರಿಂದಾಗುವ ಉಪಕಾರ ಸಣ್ಣದಲ್ಲ. ಟಿಪ್ಪು ಸುಲ್ತಾನನು 1792ರಲ್ಲಿ ಕಟ್ಟಿಸಿದ ಸಕಲೇಶಪುರದ ಮಂಜರಾಬಾದ್ ಕೋಟೆಯನ್ನು ನೋಡಿ. ಅದರ ಬಾಗಿಲಲ್ಲಿ ನಿಂತವನಿಗೆ ಕಾಣುವುದು ಗೋಡೆ ಮಾತ್ರ; ಅದು ಎಂಟು ಮೂಲೆಗಳ ನಕ್ಷತ್ರವೆಂಬುದನ್ನು ಆಕಾಶದಿಂದ ತೆಗೆದ ಚಿತ್ರ ತೋರಿಸುತ್ತದೆ. ಗೊರೂರಿಗೆ ಸಮೀಪದ ಶೆಟ್ಟಿಹಳ್ಳಿಯಲ್ಲಿ ಹತ್ತೊಂಬತ್ತನೆಯ ಶತಮಾನದ ಚರ್ಚೊಂದರ ಅವಶೇಷವಿದೆ. ಹೇಮಾವತಿ ಜಲಾಶಯ ತುಂಬಿದಾಗ ಅದು ಅರ್ಧ ಮುಳುಗಿರುತ್ತದೆ. ಬೇಸಗೆಯಲ್ಲಿ ಅದೇ ಕಟ್ಟಡ ಒಣನೆಲದ ಮೇಲೆ ನಿಂತಿರುತ್ತದೆ. ಚಿತ್ರದ ಕೆಳಗೆ ತಿಂಗಳನ್ನೂ ವರ್ಷವನ್ನೂ ಬರೆಯದಿದ್ದರೆ ನೋಡಿದವರಿಗೆ ತಪ್ಪು ತಿಳಿವಳಿಕೆಯಾಗುತ್ತದೆ. ಬರೆದಿಟ್ಟರೆ, ಆ ಗೋಡೆಗಳು ಯಾವಾಗ ಎಷ್ಟು ಶಿಥಿಲವಾಗಿದ್ದವೆಂಬುದಕ್ಕೆ ಆ ಚಿತ್ರವೇ ಮುಂದೆ ಸಾಕ್ಷಿಯಾಗುತ್ತದೆ. ಹೆಸರು, ಸ್ಥಳ, ಕಾಲಗಳನ್ನು ಸತ್ಯವಾಗಿ ನಮೂದಿಸಿದಾಗ ಹವ್ಯಾಸಿಯ ಚಿತ್ರವೂ ದಾಖಲೆಯ ಬೆಲೆ ಪಡೆಯುತ್ತದೆ.

ಆದರೆ ಎಲ್ಲವನ್ನೂ ಹೇಳಿಬಿಡುವುದು ಯಾವಾಗಲೂ ಹಿತವಲ್ಲ. ಪಶ್ಚಿಮ ಘಟ್ಟದ ಕಾಡುಗಳಲ್ಲಿ ಮಂಗಟ್ಟೆ ಹಕ್ಕಿಗಳಿವೆ. ಮೊಟ್ಟೆಯಿಡುವ ಕಾಲಕ್ಕೆ ಹೆಣ್ಣು ಹಕ್ಕಿ ಮರದ ಪೊಟರೆಯೊಳಗೆ ಸೇರಿ, ಕಿರಿದಾದ ಸೀಳೊಂದನ್ನು ಬಿಟ್ಟು ಬಾಯಿಯನ್ನು ಮುಚ್ಚಿಕೊಳ್ಳುತ್ತದೆ. ವಾರಗಟ್ಟಲೆ ಗಂಡು ಹಕ್ಕಿಯೇ ಹಣ್ಣುಗಳನ್ನು ತಂದು ಆ ಸೀಳಿನಿಂದ ಉಣಿಸಬೇಕು. ಗೂಡಿನ ಚಿತ್ರದೊಡನೆ ಮರದ ಗುರುತನ್ನೂ ಪ್ರಕಟಿಸಿದರೆ ಕ್ಯಾಮೆರಾ ಹಿಡಿದವರ ಗುಂಪು ಅಲ್ಲಿಗೆ ಬರಬಹುದು. ಗಂಡು ಬೆದರಿ ದೂರ ಉಳಿದರೆ ಒಳಗಿರುವ ತಾಯಿಗೂ ಮರಿಗಳಿಗೂ ಆಹಾರ ತಪ್ಪುತ್ತದೆ. ಮೊಬೈಲಿನಲ್ಲಿ ತೆಗೆದ ಚಿತ್ರದೊಳಗೆ ಸ್ಥಳದ ವಿವರವು ಕಣ್ಣಿಗೆ ಕಾಣದಂತೆ ಸೇರಿಕೊಂಡಿರುವುದೂ ಉಂಟು. ಐನ್ಯಾಚುರಲಿಸ್ಟ್ ಎಂಬ ಜೀವವೈವಿಧ್ಯ ತಾಣವು ಅಪಾಯದಲ್ಲಿರುವ ಜೀವಿಗಳ ನಿಖರ ಸ್ಥಳವನ್ನು ತಾನಾಗಿಯೇ ಮರೆಮಾಡುವುದು ಈ ಕಾರಣದಿಂದಲೇ.

ಹಕ್ಕಿಗೆ ಸಲ್ಲುವ ಮರ್ಯಾದೆ ಮನುಷ್ಯನಿಗೂ ಸಲ್ಲಬೇಕು. ತೋಟದಲ್ಲಿ ಹಣ್ಣು ಕೊಯ್ಯುವ ಹೆಂಗಸಿನ ಮುಖವನ್ನು ಊರೂರಿಗೆ ತೋರಿಸುವ ಮುನ್ನ ಅವಳ ಒಪ್ಪಿಗೆಯನ್ನು ಕೇಳುವುದು ಸೌಜನ್ಯ. ಇನ್ನೊಬ್ಬರ ಚಿತ್ರವನ್ನು ತನ್ನದೆಂದು ಹೇಳಿಕೊಳ್ಳುವುದು ಕಳವು. ಇಲ್ಲದುದನ್ನು ಸೇರಿಸಿ ಇದ್ದುದೆಂದು ನಂಬಿಸುವುದು ವಂಚನೆ.

ಕ್ಯಾಮೆರಾದ ಬೆಲೆಯಾಗಲಿ, ದೊರೆತ ಮೆಚ್ಚುಗೆಗಳ ಎಣಿಕೆಯಾಗಲಿ ಹವ್ಯಾಸಿಯ ಯೋಗ್ಯತೆಯನ್ನು ಅಳೆಯಲಾರವು. ತಾಳ್ಮೆಯಿಂದ ನೋಡುವ ಕಣ್ಣು ಅವನಿಗೆ ಬೇಕು. ಯಾವುದನ್ನು ಹಂಚಿಕೊಳ್ಳಬೇಕು, ಯಾವುದನ್ನು ತನ್ನಲ್ಲೇ ಇಟ್ಟುಕೊಳ್ಳಬೇಕು ಎಂಬ ವಿವೇಕವೂ ಅಷ್ಟೇ ಬೇಕು.