ದೂಳಿನ ನಾಡಿನಲ್ಲಿ ಕೂಲಿಂಗ್ ಪ್ಯಾಡ್: ಗಾಳಿ ಕಮ್ಮಿ ಇರಲಿ, ಸೋಸಿದ್ದಿರಲಿ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಕಡೆ ಈಗ ಎಷ್ಟೋ ಮನೆಗಳ ಸಂಪಾದನೆ ಲ್ಯಾಪ್‌ಟಾಪ್ ಮೇಲೆ ನಿಂತಿದೆ. ಗ್ರಾಮ ಒನ್ ಕೇಂದ್ರ, ಝೆರಾಕ್ಸ್ ಅಂಗಡಿ, ಮದುವೆ ವಿಡಿಯೊ ಎಡಿಟಿಂಗ್, ಮನೆಯಿಂದಲೇ ಬೆಂಗಳೂರಿನ ಕಂಪನಿ ಕೆಲಸ, ಎಲ್ಲಕ್ಕೂ ಅದೇ ಆಧಾರ. ಬೇಸಿಗೆಗೆ ಹೆದರಿ ಕೂಲಿಂಗ್ ಪ್ಯಾಡ್ ತರುತ್ತೇವೆ. ಬಹುಪಾಲು ಪ್ಯಾಡ್‌ಗಳಲ್ಲಿ ದೂಳು ತಡೆಯುವ ಜಾಲರಿಯೇ ಇರುವುದಿಲ್ಲ. ಮೇಜಿನ ಮೇಲಿನ ಕೆಂಪು ದೂಳನ್ನು ಎಳೆದು ನೇರ ಯಂತ್ರದ ಒಳಗೆ ತುಂಬುತ್ತವೆ. ಜೊತೆಗೆ ದಿನವಿಡೀ ಗುಂಯ್‌ಗುಟ್ಟುವ ಅದುರು. ಜೋರು ಗಾಳಿಗಿಂತ ಸೋಸಿದ ನಿಧಾನದ ಗಾಳಿ ನಮ್ಮ ಸೀಮೆಗೆ ಒಳ್ಳೆಯದು ಎಂಬುದು ನನ್ನ ಖಚಿತ ಅಭಿಪ್ರಾಯ. ಕೆಳಗಿನ ಸೂತ್ರಗಳೆಲ್ಲ ಅದಕ್ಕೆ ತಕ್ಕಂತೆ ಇವೆ. ಖರ್ಚು ಕಡಿಮೆ, ಅರ್ಧ ದಿನದ ಕೆಲಸ.

1. ಮೊದಲು ಲ್ಯಾಪ್‌ಟಾಪ್ ಮಗುಚಿ ನೋಡಿ. ಗಾಳಿ ಒಳಗೆ ಹೋಗುವ ಕಿಂಡಿ ತಳದಲ್ಲಿದೆಯೇ? ಅನುಮಾನವಿದ್ದರೆ ಯಂತ್ರ ಓಡುವಾಗ ಟಿಶ್ಯೂ ಕಾಗದದ ಚೂರೊಂದನ್ನು ಕಿಂಡಿಗೆ ಹಿಡಿಯಿರಿ. ಅಂಟಿಕೊಂಡರೆ ಒಳಹರಿವು, ಹಾರಿದರೆ ಹೊರಹರಿವು. ತಳದಲ್ಲಿ ಕಿಂಡಿಯೇ ಇಲ್ಲದ ಯಂತ್ರಕ್ಕೆ ಪ್ಯಾಡಿನಿಂದ ಸಿಗುವ ಲಾಭ ಅಲ್ಪ. ಹಿಂಭಾಗವನ್ನು ಎರಡು ಬೆರಳಷ್ಟು ಎತ್ತರಿಸಿದರೆ ಸಾಕಾಗಬಹುದು.

2. ಕೈ ಹಾಕುವ ಮುನ್ನ ಅಳೆದು ಬರೆದಿಡಿ. ವಿಂಡೋಸ್‌ನಲ್ಲಿ ಕೋರ್ ಟೆಂಪ್ ಅಥವಾ ಎಚ್‌ಡಬ್ಲ್ಯೂಮಾನಿಟರ್, ಲಿನಕ್ಸ್‌ನಲ್ಲಿ ಸೆನ್ಸರ್ಸ್ ಕಮಾಂಡ್ ಪ್ರೊಸೆಸರ್‌ನ ಬಿಸಿ ತೋರಿಸುತ್ತವೆ. ದಿನನಿತ್ಯದ ಭಾರದ ಕೆಲಸವೊಂದನ್ನು ಅರ್ಧ ಗಂಟೆ ಓಡಿಸಿ ಅಂಕಿ ಗುರುತು ಮಾಡಿಕೊಳ್ಳಿ. ಕೋಣೆಯ ಬಿಸಿಯನ್ನೂ ಬರೆಯಿರಿ, ಏಕೆಂದರೆ ಯಾವ ಫ್ಯಾನೂ ಕೋಣೆಗಿಂತ ತಣ್ಣಗೆ ಮಾಡಲಾರದು. ಅನೇಕ ಪ್ರೊಸೆಸರ್‌ಗಳು 95ರಿಂದ 100 ಡಿಗ್ರಿ ಹತ್ತಿರ ಬಂದಾಗ ತಾವೇ ವೇಗ ತಗ್ಗಿಸಿಕೊಳ್ಳುತ್ತವೆ. ಆ ಗಡಿಯಿಂದ ದೂರವಿದ್ದರೆ ಆತಂಕ ಬೇಡ.

3. ಜಾಲರಿ ಕೆಳಗಿರಲಿ, ದೊಡ್ಡದಿರಲಿ. ಇಡೀ ಕೆಲಸದ ಜೀವಾಳ ಇದು. ಪ್ಯಾಡಿನ ಫ್ಯಾನ್ ಸಾಮಾನ್ಯವಾಗಿ ಕೆಳಗಿನಿಂದ ಎಳೆದು ಮೇಲಕ್ಕೆ ಊದುತ್ತದೆ. ಜಾಲರಿಯನ್ನು ಕೆಳಗೆ, ಗಾಳಿ ಒಳಬರುವ ಕಡೆ ಹಾಕಿ. ಮೇಲೆ ಹಾಕಿದರೆ ಲ್ಯಾಪ್‌ಟಾಪ್ ಉಳಿಯುತ್ತದೆ, ಫ್ಯಾನ್ ಮಾತ್ರ ದೂಳು ತಿನ್ನುತ್ತದೆ.

ಯಾವ ಜಾಲರಿ? ಕಿಟಕಿಗೆ ಹೊಡೆಯುವ ಸೊಳ್ಳೆ ಜಾಲರಿಯ ಕಣ್ಣು ಒಂದು ಮಿಲಿಮೀಟರ್ ಆಸುಪಾಸು. ಕೂದಲು, ಕಡ್ಲೆಕಾಯಿ ಸಿಪ್ಪೆಯ ಚೂರು ನಿಲ್ಲುತ್ತವೆ, ದೂಳು ನಿಲ್ಲದು. ಕಂಪ್ಯೂಟರ್ ಫ್ಯಾನಿಗೆಂದೇ ಬರುವ ನೈಲಾನ್ ಜಾಲರಿ ಬೆಂಗಳೂರಿನ ಎಸ್.ಪಿ. ರೋಡಿನಲ್ಲೂ ಆನ್‌ಲೈನಿನಲ್ಲೂ ಸಿಗುತ್ತದೆ. ಅದಿಲ್ಲದಿದ್ದರೆ ತೆಳ್ಳನೆಯ ನೈಲಾನ್ ಕಾಲುಚೀಲವನ್ನು ಒಂದೇ ಪದರ ಎಳೆದು ಕಟ್ಟಿ. ಬಾಯಿಗೆ ಹಿಡಿದು ಊದಿದಾಗ ಸಲೀಸಾಗಿ ಗಾಳಿ ದಾಟುವ ಬಟ್ಟೆ ಆಗುತ್ತದೆ. ಪಂಚೆಯ ಮಡಿಕೆ, ದಪ್ಪ ಸ್ಪಂಜು ಹಾಕಿದರೆ ಪುಟ್ಟ ಫ್ಯಾನಿನ ಉಸಿರೇ ಕಟ್ಟುತ್ತದೆ.

ಅಳತೆಯ ಲೆಕ್ಕ ನೋಡಿ. 12 ಸೆಂಟಿಮೀಟರ್ ಫ್ಯಾನಿನ ಬಾಯಿ ಸುಮಾರು 113 ಚದರ ಸೆಂಟಿಮೀಟರ್. ಜಾಲರಿಯನ್ನು ಆ ಬಾಯಿಗೇ ಅಂಟಿಸುವ ಬದಲು ಪ್ಯಾಡಿನ ತಳಕ್ಕೆಲ್ಲ 30 x 20 ಸೆಂಟಿಮೀಟರ್ ಚೌಕಟ್ಟು ಕಟ್ಟಿದರೆ 600 ಚದರ ಸೆಂಟಿಮೀಟರ್ ಸಿಗುತ್ತದೆ. ಒಂದೇ ಫ್ಯಾನಿದ್ದರೆ ಗಾಳಿ ಜಾಲರಿಯನ್ನು ಐದನೇ ಒಂದು ಭಾಗದ ವೇಗದಲ್ಲಿ ದಾಟುತ್ತದೆ, ತಡೆ ಇಳಿಯುತ್ತದೆ, ಜಾಲರಿ ಕಟ್ಟಿಕೊಳ್ಳುವುದೂ ತಡವಾಗುತ್ತದೆ. ಚೌಕಟ್ಟಿಗೂ ಫ್ಯಾನಿಗೂ ನಡುವೆ ಬೆರಳಗಲ ಜಾಗ ಬಿಡಿ. ಚೌಕಟ್ಟಿಗೆ ಗಟ್ಟಿ ರಟ್ಟು ಸಾಕು. ಥರ್ಮೊಕೋಲ್ ಬೇಡ, ಅದರ ಕಾಳು ಉದುರಿ ಫ್ಯಾನಿಗೇ ಸೇರುತ್ತದೆ.

ಕಲ್ಲು ಕ್ರಷರ್ ಪಕ್ಕದ ನವಿರು ಬಿಳಿ ದೂಳನ್ನು ಇಂಥ ಜಾಲರಿ ಪೂರ್ತಿ ತಡೆಯದು. ಆದರೆ ಎಳೆ, ಕೂದಲು, ಹೊಟ್ಟು ಒಳಗೆ ಹೋಗದಿದ್ದರೆ ನವಿರು ದೂಳಿಗೆ ಅಂಟಿಕೊಳ್ಳಲು ಆಸರೆ ಕಮ್ಮಿ. ಲ್ಯಾಪ್‌ಟಾಪ್ ಒಳಗೆ ಕಂಬಳಿಯಂತೆ ಹೆಪ್ಪುಗಟ್ಟುವುದು ಎರಡೂ ಸೇರಿದಾಗಲೇ.

4. ಸಂದು ಮುಚ್ಚಿ. ಪ್ಯಾಡಿಗೂ ಲ್ಯಾಪ್‌ಟಾಪಿಗೂ ನಡುವೆ ಸುತ್ತ ಸಂದಿದ್ದರೆ ಸೋಸಿದ ಗಾಳಿ ಪಕ್ಕಕ್ಕೆ ಸೋರುತ್ತದೆ. ಬಾಗಿಲ ಸಂದಿಗೆ ಅಂಟಿಸುವ ಫೋಮ್ ಪಟ್ಟಿಯನ್ನು ಕಿಂಡಿಯ ಸುತ್ತ ಬರುವಂತೆ ಪ್ಯಾಡಿಗೆ ಅಂಟಿಸಿ. ಬಿಸಿಗಾಳಿ ಹೊರಬರುವ ಕಡೆ ಮಾತ್ರ ಪಟ್ಟಿ ಅಡ್ಡ ಬರಕೂಡದು.

5. ಪ್ಯಾಡನ್ನು ಮೇಜಿನಿಂದ ಎರಡು ಮೂರು ಸೆಂಟಿಮೀಟರ್ ಮೇಲೆತ್ತಿ. ತಳದಲ್ಲಿ ಜಾಗವಿಲ್ಲದಿದ್ದರೆ ಫ್ಯಾನ್ ಮೇಜನ್ನೇ ಗುಡಿಸುತ್ತದೆ.

6. ವೇಗ ಇಳಿಸಿ. ಫ್ಯಾನ್ 1200 ಸುತ್ತಿನಿಂದ 800ಕ್ಕೆ ಇಳಿದರೆ ಗಾಳಿ ಮೂರನೇ ಎರಡು ಭಾಗ ಉಳಿಯುತ್ತದೆ. ಆದರೆ ರೆಕ್ಕೆಯ ಓರೆತೂಕದಿಂದ ಹುಟ್ಟುವ ಎಳೆತ ವೇಗದ ವರ್ಗಕ್ಕೆ ತಕ್ಕಂತೆ ಬದಲಾಗುವುದರಿಂದ ಅದು ಅರ್ಧಕ್ಕಿಂತ ಕೆಳಗಿಳಿಯುತ್ತದೆ, ಬೇಕಾಗುವ ವಿದ್ಯುತ್ ಮೂರನೇ ಒಂದಕ್ಕೂ ಕಡಿಮೆ. ಅದುರು ತಗ್ಗಿಸಲು ಇದಕ್ಕಿಂತ ಸುಲಭದ ದಾರಿ ಇಲ್ಲ. ಪ್ಯಾಡಿನಲ್ಲೇ ತಿರುಗಿಸುವ ಗುಂಡಿ ಇದ್ದರೆ ಸರಿ. ಇಲ್ಲದಿದ್ದರೆ ಯುಎಸ್‌ಬಿ ಫ್ಯಾನಿನ ಸ್ಪೀಡ್ ರೆಗ್ಯುಲೇಟರ್ ಸಿಗುತ್ತದೆ, ವೈರಿನ ನಡುವೆ ಸಿಕ್ಕಿಸಿದರಾಯಿತು. ಬಿಸಿ ಮೂರು ನಾಲ್ಕು ಡಿಗ್ರಿ ಏರಿದರೆ ಏರಲಿ, 2ನೇ ಸೂತ್ರದ ಗಡಿ ದಾಟದಿದ್ದರೆ ಸಾಕು.

7. ಪ್ಯಾಡಿಗೆ ಮೊಬೈಲ್ ಚಾರ್ಜರ್ ಹಾಕಿ. ಯುಎಸ್‌ಬಿ 2.0 ಪೋರ್ಟ್ ಕೊಡುವುದು 500 ಮಿಲಿ ಆಂಪಿಯರ್. ಬೆರಳಚ್ಚಿನ ಯಂತ್ರ, ಪ್ರಿಂಟರ್ ಹಚ್ಚಿಕೊಂಡು ಕೂರುವ ಗ್ರಾಮ ಒನ್ ಮೇಜಿನಲ್ಲಿ ಫ್ಯಾನಿಗೂ ಅಲ್ಲಿಂದಲೇ ಕರೆಂಟ್ ಎಳೆಯುವುದು ತರವಲ್ಲ.

8. ಅದುರು ಎಲ್ಲಿಂದ ಬರುತ್ತಿದೆ ಎಂದು ಪತ್ತೆ ಮಾಡಿ. ಫ್ಯಾನನ್ನು ಬಿಚ್ಚಿ, ಅಂಚನ್ನು ಮಾತ್ರ ಹಿಡಿದು ಕೈಯಲ್ಲೇ ಓಡಿಸಿ. ಕೈ ಜುಮುಗುಟ್ಟಿದರೆ ದೋಷ ಫ್ಯಾನಿನದು. ರೆಕ್ಕೆಗಳ ಅಂಚನ್ನು ಹತ್ತಿರದಿಂದ ನೋಡಿ: ಗಾಳಿ ಸೀಳುವ ಅಂಚಿನುದ್ದಕ್ಕೂ ಬೂದುಬಣ್ಣದ ದೂಳಿನ ಗೆರೆ, ಒಂದು ರೆಕ್ಕೆಯಲ್ಲಿ ದಪ್ಪ, ಇನ್ನೊಂದರಲ್ಲಿ ಉದುರಿಹೋಗಿ ಖಾಲಿ. ತೂಕ ಓರೆಯಾಗುವುದು ಹೀಗೆ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಎಷ್ಟೋ ಫ್ಯಾನ್‌ಗಳು ಸದ್ದು ನಿಲ್ಲಿಸುತ್ತವೆ. ಆದರೂ ಗರಗರ ಎಂದರೆ ಬೇರಿಂಗ್ ಸವೆದಿದೆ. ಸ್ಲೀವ್ ಬೇರಿಂಗ್ ಆದರೆ ಸ್ಟಿಕರ್ ಎತ್ತಿ, ಕೆಳಗೆ ತೂತಿದ್ದರೆ ಹೊಲಿಗೆ ಯಂತ್ರದ ಎಣ್ಣೆ ಒಂದು ಹನಿ ಬಿಡಿ. ಕೊಬ್ಬರಿ ಎಣ್ಣೆ ಬೇಡ, ಜಿಡ್ಡುಗಟ್ಟುತ್ತದೆ.

ಕೈಯಲ್ಲಿ ಮೆತ್ತಗೆ ಓಡಿ, ಪ್ಯಾಡಿಗೆ ಸೇರಿಸಿದೊಡನೆ ಗುಂಯ್‌ಗುಟ್ಟಿದರೆ ದೋಷ ತೆಳು ಪ್ಲಾಸ್ಟಿಕ್ಕಿನದು. ಸೈಕಲ್ ಅಂಗಡಿಯಲ್ಲಿ ಹಳೇ ಟ್ಯೂಬ್ ಕೇಳಿ ತನ್ನಿ. ಸಣ್ಣ ಬಿಲ್ಲೆ ಕತ್ತರಿಸಿ ಫ್ಯಾನಿನ ನಾಲ್ಕೂ ಮೂಲೆಯಲ್ಲಿ, ಪ್ಯಾಡಿಗೂ ಫ್ಯಾನಿಗೂ ನಡುವೆ ಒಂದು, ಸ್ಕ್ರೂ ತಲೆಯ ಕೆಳಗೆ ಒಂದು ಇಡಿ. ಸ್ಕ್ರೂ ಬಿಗಿಯಾಗಿ ತಿರುಗಿಸಬೇಡಿ. ರಬ್ಬರ್ ಚಪ್ಪಟೆಯಾದರೆ ಅದುರು ಸಲೀಸಾಗಿ ದಾಟುತ್ತದೆ. ಸ್ಕ್ರೂ ಬದಲಿಗೆ ಸಿಲಿಕೋನ್ ಪಿನ್ ಸಿಕ್ಕರೆ ಇನ್ನೂ ಒಳ್ಳೆಯದು. ಪ್ಯಾಡಿನ ಮೇಲಿನ ಕಬ್ಬಿಣದ ಜಾಲರಿ ತಕತಕ ಎಂದರೆ ಅದರ ಅಂಚಿಗೂ ಫೋಮ್ ಪಟ್ಟಿ ಕೊಡಿ.

9. ಹಳೇ ಹಾರ್ಡ್ ಡಿಸ್ಕ್ ಇದ್ದರೆ 8ನ್ನು ಬಿಡಲೇಬೇಡಿ. ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವಿಲ್ಲ, ಅದುರಿನಿಂದ ಅದಕ್ಕೆ ಭಯವಿಲ್ಲ. ತಿರುಗುವ ಡಿಸ್ಕಿನಲ್ಲಿ ಓದುವ ತಲೆ ಅದುರಿಗೆ ದಾರಿ ತಪ್ಪುತ್ತದೆ, ಮತ್ತೆ ಮತ್ತೆ ಓದಬೇಕಾಗುತ್ತದೆ, ಕೆಲಸ ನಿಧಾನ. 2008ರಲ್ಲಿ ಸನ್ ಮೈಕ್ರೋಸಿಸ್ಟಮ್ಸ್‌ನ ಎಂಜಿನಿಯರ್ ಬ್ರೆಂಡನ್ ಗ್ರೆಗ್ ಡಿಸ್ಕ್‌ಗಳ ಸಾಲಿನ ಮುಂದೆ ನಿಂತು ಜೋರಾಗಿ ಕೂಗಿ, ಆ ಸದ್ದಿಗೇ ಅವು ತಡವರಿಸುವುದನ್ನು ಪರದೆಯ ಮೇಲೆ ತೋರಿಸಿದ್ದರು. ಕೂಗಿಗೇ ಹೀಗಾದರೆ ಕೆಳಗೇ ಅದುರುವ ಫ್ಯಾನ್ ಎಷ್ಟು ಕಾಡೀತು ಯೋಚಿಸಿ.

10. ಕಾಲ ನೋಡಿ ನಡೆಯಿರಿ. ಆಷಾಢದ ಗಾಳಿ, ಕಡ್ಲೆಕಾಯಿ ಬಿಡಿಸುವ ದಿನಗಳು, ರಾಗಿ ಕಣದ ತಿಂಗಳು, ಮನೆಗೆ ಸುಣ್ಣ ಹೊಡೆಸುವ ವಾರ: ಆಗ ಪ್ಯಾಡ್ ಆಫ್ ಮಾಡಿ, ಲ್ಯಾಪ್‌ಟಾಪಿನ ಪವರ್ ಮೋಡ್ ತಗ್ಗಿಸಿ. ಹೆದ್ದಾರಿ ಬದಿಯ ಶಿರಾದ ಅಂಗಡಿಯಲ್ಲಿ ಮೇಜನ್ನು ಬಾಗಿಲಿನಿಂದ ಒಳಗೆ ಸರಿಸುವುದೇ ಅರ್ಧ ಪರಿಹಾರ.

11. ತೊಳೆಯುವ ದಿನ ಗೊತ್ತು ಮಾಡಿ. ಪಾವಗಡದ ತಿರುಮಣಿ ಸುತ್ತ ಸುಮಾರು 13,000 ಎಕರೆಯಲ್ಲಿ, 2,050 ಮೆಗಾವಾಟ್ ಸಾಮರ್ಥ್ಯದ ಸೌರ ಫಲಕಗಳು ಹರಡಿವೆ. ದೂಳು ಕೂತಷ್ಟೂ ಕರೆಂಟ್ ಇಳಿಯುವುದರಿಂದ ಅವನ್ನು ತೊಳೆಯುವುದು ಅಲ್ಲಿ ಬಿಡುವಿಲ್ಲದ ಕೆಲಸ. ಅದೇ ಗಾಳಿ ನಿಮ್ಮ ಮೇಜಿನ ಮೇಲೂ ಬೀಸುತ್ತದೆ. ಬೇಸಿಗೆಯಲ್ಲಿ ವಾರಕ್ಕೊಮ್ಮೆ, ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ಜಾಲರಿ ಬಿಚ್ಚಿ ಸೋಪು ನೀರಲ್ಲಿ ಅದ್ದಿ, ನೆರಳಲ್ಲಿ ಪೂರ್ತಿ ಒಣಗಿಸಿ ಹಾಕಿ. ಹೀಗಾಗಿ ಜಾಲರಿಯನ್ನು ಗೋಂದಿನಿಂದ ಅಂಟಿಸಬೇಡಿ. ವೆಲ್‌ಕ್ರೋ ಅಥವಾ ಪುಟ್ಟ ಆಯಸ್ಕಾಂತ ಇರಲಿ.

12. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಗಾಳಿ ಬೇಡ. ಅದರಲ್ಲಿ ನೀರು, ಎಣ್ಣೆಯ ತುಂತುರು ಇರುತ್ತದೆ, ರಭಸವೂ ಹೆಚ್ಚು. ಮೆತ್ತನೆ ಬ್ರಷ್, ಕೈಯಲ್ಲಿ ಒತ್ತುವ ರಬ್ಬರ್ ಬ್ಲೋವರ್ ಸಾಕು. ಊದುವಾಗ ಫ್ಯಾನ್ ತಿರುಗದಂತೆ ಕಡ್ಡಿಯಿಂದ ಹಿಡಿಯಿರಿ.

13. ಇಷ್ಟಾದರೂ ಬಿಸಿ ಇಳಿಯದಿದ್ದರೆ ದೋಷ ಲ್ಯಾಪ್‌ಟಾಪಿನ ಒಳಗಿದೆ. ದೂಳು ಹೆಪ್ಪುಗಟ್ಟುವುದು ಒಳಗಿನ ಫ್ಯಾನಿಗೂ ತಾಮ್ರದ ರೆಕ್ಕೆಗಳಿಗೂ ನಡುವೆ. ಹೊರಗಿನಿಂದ ಟಾರ್ಚ್ ಬಿಟ್ಟರೂ ಎಷ್ಟೋ ಬಾರಿ ಕಾಣದು. ತಿಳಿದ ರಿಪೇರಿಯವರಲ್ಲಿ ತಳದ ಮುಚ್ಚಳ ಬಿಚ್ಚಿಸಿ, ಆ ಪದರ ತೆಗೆಸಿ, ಪ್ರೊಸೆಸರ್ ಮೇಲೆ ಹೊಸ ಥರ್ಮಲ್ ಪೇಸ್ಟ್ ಹಾಕಿಸಿ. ತೆಗೆದ ದೂಳನ್ನು ತೋರಿಸಲು ಹೇಳಿ. ಎಳೆ, ಕೂದಲು ಹೆಚ್ಚಿದ್ದರೆ ನಿಮ್ಮ ಜಾಲರಿಯ ಅಂಚು ಎಲ್ಲೋ ಬಾಯಿಬಿಟ್ಟಿದೆ ಎಂದರ್ಥ, 3ನೇ ಸೂತ್ರಕ್ಕೆ ಹಿಂತಿರುಗಿ. ನವಿರು ಪುಡಿ ಮಾತ್ರ ಇದ್ದರೆ ಜಾಲರಿ ತನ್ನ ಕೆಲಸ ಮಾಡುತ್ತಿದೆ, ಮುಂದಿನ ಬಾರಿ ಬಿಚ್ಚಿಸುವುದನ್ನು ಇನ್ನಷ್ಟು ತಡ ಮಾಡಬಹುದು.