ನಡುಗುವ ಕೈ, ತಡವರಿಸುವ ಕಾಲು

ಪಾರ್ಕಿನ್ಸನ್ ಕಾಯಿಲೆ ಅಂದ ಕೂಡಲೇ ನಮಗೆಲ್ಲ ನೆನಪಾಗೋದು ನಡುಗುವ ಕೈ. 1817ರಲ್ಲಿ ಜೇಮ್ಸ್ ಪಾರ್ಕಿನ್ಸನ್ ಬರೆದ ಪ್ರಬಂಧದ ಹೆಸರಲ್ಲೂ ನಡುಕವೇ ಇತ್ತು. ಆದರೆ ಕೆಲವರಿಗೆ ನಡುಕ ಕಡಿಮೆ. ಹೆಜ್ಜೆ ಕಿತ್ತಿಡೋದೇ ಕಷ್ಟ, ತಿರುಗುವಾಗ ಆಯ ತಪ್ಪಿ ಬೀಳ್ತಾರೆ. ಡೋಪಮಿನ್ ಕೊರತೆ ಇಬ್ಬರಿಗೂ ಇದೆ. ಹಾಗಾದರೆ ವ್ಯತ್ಯಾಸ ಎಲ್ಲಿ?

ಎಫ್‌ಎಂಆರ್‌ಐನಲ್ಲಿ ಮಿದುಳಿನ ಎರಡು ಜಾಗಗಳ ಸಿಗ್ನಲ್ ಜೊತೆಜೊತೆಯಾಗಿ ಏರಿಳಿದರೆ ಅವುಗಳ ನಡುವೆ 'ಸಂಪರ್ಕ' ಇದೆ ಅಂತ ಲೆಕ್ಕ. ನಾವು ಕ್ಲಾಸಲ್ಲಿ ಮಾಡಿದ ಕೋರಿಲೇಶನ್ನೇ ಇದು. ನಡುವೆ ವೈರ್ ಇದೆ ಅಂತ ಅರ್ಥವಲ್ಲ.

ಒಂದು ತೊಡಕಿದೆ. ನಡುಕ ಸೆಕೆಂಡಿಗೆ 4–6 ಸಲ. ಸ್ಕ್ಯಾನರ್ ಚಿತ್ರ ತೆಗೆಯೋದು ಸಾಮಾನ್ಯವಾಗಿ ಸುಮಾರು 2 ಸೆಕೆಂಡಿಗೊಂದು. ನೈಕ್ವಿಸ್ಟ್ ನೆನಪಾಯ್ತಲ್ಲ? ಅದಕ್ಕೇ 2011ರಲ್ಲಿ ಹೆಲ್ಮಿಕ್ ತಂಡ ಸ್ಕ್ಯಾನಿನ ಜೊತೆಗೇ ಕೈಸ್ನಾಯುವಿನ ಇಎಂಜಿ ದಾಖಲಿಸಿ, ನಡುಕ ಹೆಚ್ಚು-ಕಡಿಮೆ ಆದಂತೆ ಮಿದುಳಲ್ಲಿ ಯಾವುದು ಬದಲಾಗುತ್ತೆ ಅಂತ ನೋಡಿತು. ನಡುಕದ ರೋಗಿಗಳಲ್ಲಿ ಬೇಸಲ್ ಗ್ಯಾಂಗ್ಲಿಯಾಗೂ ಕಿರುಮಿದುಳು-ಥಲಾಮಸ್-ಕಾರ್ಟೆಕ್ಸ್ ಸರ್ಕ್ಯೂಟಿಗೂ ಸಂಪರ್ಕ ಹೆಚ್ಚಿತ್ತು. ಮೊದಲನೆಯದು ನಡುಕಕ್ಕೆ ಚಾಲನೆ ಕೊಡುವ ಸ್ವಿಚ್, ಎರಡನೆಯದು ಅದರ ಜೋರು ನಿರ್ಧರಿಸುವ ರೆಗ್ಯುಲೇಟರ್ ಅನ್ನೋದು ಅವರ ಮಾದರಿ. ನಮ್ಮ ಹಾಸ್ಟೆಲ್ ಫ್ಯಾನಿನದ್ದಕ್ಕಿಂತ ಚೆನ್ನಾಗೇ ಕೆಲಸ ಮಾಡೋ ರೆಗ್ಯುಲೇಟರ್!

ಬೀಳುವವರನ್ನು ಅಳೆಯೋದು ಇನ್ನೂ ಕಷ್ಟ. ಸ್ಕ್ಯಾನರ್ ಒಳಗೆ ಮಲಗಿ ನಡೆಯೋಕಾಗಲ್ಲವಲ್ಲ. ಹಾಗಾಗಿ ಕೆಲವು ಪ್ರಯೋಗಗಳಲ್ಲಿ ಅವರಿಗೆ, ನಡೀತಿದ್ದೀನಿ ಅಂತ ಮನಸ್ಸಲ್ಲೇ ಊಹಿಸಿಕೊಳ್ಳಿ ಅಂತಾರೆ.